ಬಂಡೆ ಒಡೆಯುವ ಮೊದಲು ಪಕ್ಕದ ಮನೆಯ ಗೋಡೆ ನೋಡಿ

(ಕಲ್ಲುಕೋರೆ ನಡೆಸುವವರು, ರಸ್ತೆ ಮತ್ತು ಕಟ್ಟಡದ ಕಾಂಟ್ರಾಕ್ಟರ್‌ಗಳು ಸೇರಿದ್ದ ಮಂಗಳೂರಿನ ಒಂದು ಸಭೆಯಲ್ಲಿ ಆಡಿದ ಮಾತು. ಬರೆದು ಕೊಡಿ ಅಂತ ಕೆಲವರು ಕೇಳಿದ್ದರಿಂದ ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬ್ಲಾಸ್ಟಿಂಗ್ ಕೆಲಸದಲ್ಲಿ ಕಾನೂನಿನ ಹೊಣೆ ಕಡಿಮೆ ಮಾಡಿಕೊಳ್ಳುವುದು ಹೇಗೆ ಅಂತ ಹೇಳಿ ಎಂದು ಕರೆದಿದ್ದೀರಿ. ನಾನು ವಕೀಲ ಅಲ್ಲ. ಮೈನಿಂಗ್ ಓದಿ ಇಪ್ಪತ್ತೆರಡು ವರ್ಷ ಬಂಡೆಯಲ್ಲಿ ಕೊರೆದ ಕುಳಿ, ಅದಕ್ಕೆ ತುಂಬುವ ಸ್ಫೋಟಕದ ಮದ್ದು, ಅದನ್ನು ಸಿಡಿಸುವ ಡಿಟೋನೇಟರ್‌ಗಳ ಮಧ್ಯೆಯೇ ಇದ್ದವನು. ಕೋರ್ಟ್ ಕೂಡ ನೋಡಿದ್ದೇನೆ, ಸೋತೂ ಬಂದಿದ್ದೇನೆ. ಆ ಸೋಲಿನ ಕಥೆ ಆಮೇಲೆ ಹೇಳುತ್ತೇನೆ, ಯಾಕೆಂದರೆ ಇವತ್ತು ನಾನು ಹೇಳಬೇಕಾದ್ದರಲ್ಲಿ ಅರ್ಧ ಅದರಲ್ಲೇ ಇದೆ.

ಮೊದಲು ನಮ್ಮೂರಿನ ಒಂದು ತಪ್ಪು ತಿಳಿವಳಿಕೆ. ಕರಾವಳಿಯವರು ನಾವು ಕೆಂಪುಕಲ್ಲಿನ ಕೋರೆ ನೋಡಿಕೊಂಡೇ ಬೆಳೆದವರು. ಅಲ್ಲಿ ಮದ್ದು ಬೇಡ, ಮೆಷಿನ್ ಕೊಯ್ಯುತ್ತದೆ. 1952ರ ಗಣಿ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಇಂಥ ಸಣ್ಣ ಕೋರೆಗಳಿಗೆ ಒಂದು ವಿನಾಯಿತಿ ಇತ್ತು, 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಅದು ಇದೆ. ಆಳ 6 ಮೀಟರ್ ದಾಟಬಾರದು, ಜನ 50 ಮೀರಬಾರದು, ಸ್ಫೋಟಕ ಬಳಸಬಾರದು. ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ವಿನಾಯಿತಿ. ಹಾಗಾಗಿ ಕಪ್ಪುಕಲ್ಲಿನ ಕೋರೆಯಲ್ಲಿ ಒಂದೇ ಒಂದು ಕುಳಿಗೆ ಮದ್ದು ತುಂಬಿದರೂ ಆ ವಿನಾಯಿತಿ ಹೋಯಿತು. ನಿಮ್ಮದು ಎರಡು ಎಕರೆ ಇರಲಿ, ಹತ್ತು ಜನ ಇರಲಿ, ನೀವು ಗಣಿ ಮಾಲೀಕರು. ಧನಬಾದ್‌ನಲ್ಲಿ ಮುಖ್ಯ ಕಚೇರಿ ಇರುವ ಡಿ.ಜಿ.ಎಂ.ಎಸ್. ಅಂದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಅವರ ನಿಯಮ ಎಲ್ಲಾ ನಿಮಗೂ ಬರುತ್ತದೆ. "ನಮ್ಮದು ಸಣ್ಣ ಕೋರೆ ಸರ್" ಅಂತ ಹೇಳುವವರು ದಯವಿಟ್ಟು ಇವತ್ತು ಮನೆಗೆ ಹೋಗಿ ಆ ಸೆಕ್ಷನ್ ಒಮ್ಮೆ ಓದಿ.

ಇದರ ಮೇಲೆ 1884ರ ಸ್ಫೋಟಕ ಕಾಯ್ದೆ, ಅದರ ಕೆಳಗೆ 2008ರ ನಿಯಮಗಳು, ಅದನ್ನು ನೋಡಿಕೊಳ್ಳುವ ನಾಗಪುರದ ಪೆಸೊ, ಅಂದರೆ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ ಇದೆ. ಕೆಲಸಗಾರನಿಗೆ ಏನಾದರೂ ಆದರೆ ಪರಿಹಾರದ ಕಾನೂನು, 2025ರ ನವೆಂಬರ್‌ವರೆಗೆ ಅದು 1923ರ ಪರಿಹಾರ ಕಾಯ್ದೆ, ಈಗ ಸಾಮಾಜಿಕ ಭದ್ರತಾ ಸಂಹಿತೆ. ಜೀವ ಹೋದರೆ ಈಗಿನ ನ್ಯಾಯ ಸಂಹಿತೆಯ 106ನೇ ಸೆಕ್ಷನ್, ನಿರ್ಲಕ್ಷ್ಯದಿಂದ ಸಾವು, ಐದು ವರ್ಷದವರೆಗೆ ಜೈಲು. ಸ್ಫೋಟಕವನ್ನು ಬೇಜವಾಬ್ದಾರಿಯಿಂದ ಬಳಸುವುದಕ್ಕೇ ಬೇರೆ ಸೆಕ್ಷನ್ ಇದೆ, 288. ಅದಕ್ಕೆ ಯಾರೂ ಸಾಯಬೇಕು ಅಂತಿಲ್ಲ. ಇವನ್ನೆಲ್ಲ ಒಂದೊಂದಾಗಿ ಬಿಡಿಸಲು ನಿಮ್ಮ ವಕೀಲರಿದ್ದಾರೆ. ನಾನು ನೆಲದ ಮೇಲಿನ ಕೆಲಸದ ಬಗ್ಗೆ ಮಾತ್ರ ಹೇಳುತ್ತೇನೆ.

ಈಗ ಆ ಸೋಲಿನ ಕಥೆ.

ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಕಾರ್ಕಳದ ಕಡೆ ಒಂದು ಕೋರೆ. ಹತ್ತಿರದ ಮನೆ ಸುಮಾರು ಇನ್ನೂರು ಮೀಟರ್, ಹಳೇ ಹಂಚಿನ ಮನೆ, ಕೆಂಪುಕಲ್ಲಿನ ಗೋಡೆ, ಕಲ್ಲಿನ ನಡುವೆ ಮಣ್ಣು. ಒಂದು ಮಳೆಗಾಲ ಮುಗಿದ ಮೇಲೆ ಆ ಮನೆಯ ಯಜಮಾನರು ಬಂದು ಗೋಡೆ ಬಿರುಕು ಬಿಟ್ಟಿದೆ, ಬನ್ನಿ ಅಂದರು. ಹೋಗಿ ನೋಡಿದೆ. ಕಿಟಕಿಯ ಮೂಲೆಯಿಂದ ಮಾಡಿನವರೆಗೆ ಓರೆಯಾಗಿ ಹೋಗಿದೆ. ಒಳಗೆ ಟಾರ್ಚ್ ಹಾಕಿದರೆ ಬಿರುಕಿನ ಅಂಚು ಕಪ್ಪಾಗಿದೆ, ಅಡುಗೆಮನೆಯ ಹೊಗೆ ಕೂತಿದೆ, ಜೇಡರ ಬಲೆ ಇದೆ. ಹೊಸ ಬಿರುಕು ಹಾಗಿರುವುದಿಲ್ಲ, ಅಂಚು ಚೂಪಾಗಿ, ಒಳಗಿನ ಬಣ್ಣ ಹೊಸದಾಗಿ ಇರುತ್ತದೆ. ಅದು ಹಳೆಯದು ಅಂತ ನನಗೆ ಅವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ. ನಮ್ಮ ಧನಿಗಳು "ಹಳೇ ಬಿರುಕು, ಅದಕ್ಕೆ ನಾವ್ಯಾಕೆ ಕೊಡಬೇಕು" ಅಂತ ಅವರನ್ನು ವಾಪಸ್ ಕಳಿಸಿದರು. ಕೇಸು ಆಯಿತು. ಏಳು ವರ್ಷ ನಡೆಯಿತು. ನ್ಯಾಯಾಧೀಶರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಬ್ಲಾಸ್ಟಿಂಗ್ ಶುರು ಮಾಡುವ ಮೊದಲು ಈ ಗೋಡೆ ಹೇಗಿತ್ತು?

ಗೊತ್ತಿಲ್ಲ ಸ್ವಾಮಿ ಅಂದೆ. ಬೇರೆ ಏನು ಹೇಳಲಿ? ಫೋಟೋ ಇಲ್ಲ, ಕಂಪನದ ಒಂದು ರೀಡಿಂಗ್ ಇಲ್ಲ. ರಿಜಿಸ್ಟರ್‌ನಲ್ಲಿ ಎಷ್ಟು ಕುಳಿ ಅಂತ ಇದೆ, ಒಂದು ಕುಳಿಗೆ ಎಷ್ಟು ಮದ್ದು ಅಂತ ಇಲ್ಲ. ಸೋತೆವು. ಕೊಟ್ಟ ಪರಿಹಾರಕ್ಕಿಂತ ವಕೀಲರ ಖರ್ಚೇ ಜಾಸ್ತಿ ಆಗಿತ್ತು. ಆದರೆ ನನಗೆ ಈಗಲೂ ಚುಚ್ಚುವುದು ಆ ಮನೆಯವರ ಏಳು ವರ್ಷ. ಕೇಸು ಮುಗಿಯುವವರೆಗೆ ಗೋಡೆ ಮುಟ್ಟಬೇಡಿ, ಸಾಕ್ಷಿ ಹೋಗುತ್ತದೆ ಅಂತ ಅವರ ವಕೀಲರು ಹೇಳಿದ್ದರಂತೆ. ಏಳು ಮಳೆಗಾಲ ಆ ಬಿರುಕಿನ ಕೆಳಗೆ ಬಕೆಟ್ ಇಟ್ಟುಕೊಂಡು ಇದ್ದರು. ನಾವು ಮೊದಲೇ ಒಂದು ಮಧ್ಯಾಹ್ನ ಅಲ್ಲಿ ಹೋಗಿ ಫೋಟೋ ತೆಗೆದಿದ್ದರೆ ಅವರಿಗೂ ಇಷ್ಟು ವರ್ಷ ಹಾಳಾಗುತ್ತಿರಲಿಲ್ಲ, ನಮಗೂ.

ಇಲ್ಲೊಂದು ವಿಷಯ ಸ್ವಲ್ಪ ನಿಧಾನಕ್ಕೆ ಕೇಳಿ. 1985ರ ಡಿಸೆಂಬರ್‌ನಲ್ಲಿ ದೆಹಲಿಯ ಒಂದು ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಭಗವತಿಯವರು ಮುಖ್ಯ ನ್ಯಾಯಮೂರ್ತಿ ಆಗಿದ್ದಾಗ, ಒಂದು ದೊಡ್ಡ ಮಾತು ಹೇಳಿತು. ಅಪಾಯದ ಕೆಲಸ ಮಾಡಿ ಲಾಭ ಪಡೆಯುವವನು ಅದರಿಂದಾದ ಹಾನಿಗೆ ಪೂರ್ತಿ ಹೊಣೆ. ನಾನು ಎಲ್ಲಾ ಜಾಗ್ರತೆ ಮಾಡಿದ್ದೆ ಅಂತ ಹೇಳಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆಯ 17ನೇ ಸೆಕ್ಷನ್ ಕೂಡ ತಪ್ಪು ಸಾಬೀತಾಗದಿದ್ದರೂ ಪರಿಹಾರ ಕೊಡಿಸುತ್ತದೆ. ಹಾಗಾದರೆ ಜಾಗ್ರತೆ ಯಾಕೆ, ದಾಖಲೆ ಯಾಕೆ ಅಂತ ಕೇಳಬಹುದು. ಇಲ್ಲೇ ಸೂಕ್ಷ್ಮ ಇರುವುದು. "ನಾನು ಜಾಗ್ರತೆ ಮಾಡಿದ್ದೆ" ಅನ್ನುವುದು ಒಂದು ಮಾತು. "ಈ ಹಾನಿ ನನ್ನ ಬ್ಲಾಸ್ಟ್‌ನಿಂದ ಆದದ್ದಲ್ಲ" ಅನ್ನುವುದು ಬೇರೆಯೇ ಮಾತು. ಮೊದಲನೆಯದು ಪರಿಹಾರದ ಕೇಸಿನಲ್ಲಿ ನಿಮ್ಮನ್ನು ಉಳಿಸದೇ ಇರಬಹುದು, ಕ್ರಿಮಿನಲ್ ಕೇಸಿನಲ್ಲಿ ಮಾತ್ರ ಅದಕ್ಕೆ ತುಂಬಾ ಬೆಲೆ ಇದೆ. ಎರಡನೆಯದು ಎಲ್ಲಾ ಕಡೆ ನಡೆಯುತ್ತದೆ. ಆದರೆ ಅದನ್ನು ಹೇಳಬೇಕಾದರೆ ಮೊದಲು ಹೇಗಿತ್ತು ಅಂತ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕು. ಅದಿಲ್ಲದಿದ್ದರೆ ಎಂಥ ದೊಡ್ಡ ವಕೀಲರನ್ನು ಇಟ್ಟರೂ ಅವರು ಬರಿಗೈಯಲ್ಲೇ ನಿಲ್ಲಬೇಕು.

ಹಾಗಾಗಿ ಸರ್ವೆ. ಬ್ಲಾಸ್ಟಿಂಗ್‌ಗೆ ಮುಂಚಿನ ಮನೆ ಸರ್ವೆ. ಇದನ್ನು ನಾನು ಈಗ ಹೇಗೆ ಮಾಡುತ್ತೇನೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಬ್ಬರು ಹೋಗುತ್ತೇವೆ. ಜೊತೆಗೆ ಪಂಚಾಯತ್ ಸದಸ್ಯರೋ ಊರಿನಲ್ಲಿ ಎಲ್ಲರೂ ಒಪ್ಪುವ ಹಿರಿಯರೋ ಒಬ್ಬರು ಬೇಕು. ಕೋರೆಯ ಜೀಪಿನಲ್ಲಿ ಹೋಗುವುದಿಲ್ಲ, ಜನ ಬಾಗಿಲು ತೆರೆಯುವ ಮೊದಲೇ ಮನಸ್ಸು ಮುಚ್ಚಿಬಿಡುತ್ತಾರೆ. ಕಳೆದ ವರ್ಷ ಒಂದು ಮನೆಗೆ ಹೋಗಿದ್ದೆ. ಅಕ್ಕ ಒಬ್ಬರು ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು. "ಬಿರುಕು ಎಂತ ಇಲ್ಲ ನಮ್ಮಲ್ಲಿ" ಅಂದರು, ಸರ್ಕಾರದವರು ಮನೆ ಒಡೆಯಲು ಬಂದಿದ್ದಾರೆ ಅಂತ ಅವರಿಗೆ ಹೆದರಿಕೆ. ಕೂತು ನೀರು ಬೆಲ್ಲ ತಿಂದು ವಿಷಯ ಹೇಳಿದ ಮೇಲೆ ಅವರೇ ಎದ್ದು ಒಂದೊಂದಾಗಿ ತೋರಿಸುತ್ತಾ ಬಂದರು. ದೇವರ ಕೋಣೆಯ ಬಾಗಿಲ ಮೇಲೆ ಒಂದು, ಬಚ್ಚಲಿನ ಒಲೆಯ ಹಿಂದೆ ಒಂದು, ಹೊಸದಾಗಿ ಸಿಮೆಂಟ್ ಹಾಕಿದ ಚಾವಡಿಯ ನೆಲದಲ್ಲಿ ಕೂದಲೆಳೆಯಂಥದ್ದು ನಾಲ್ಕು. ಪ್ರತಿಯೊಂದರ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದೆವು. ಬಿರುಕು ಎಲ್ಲಿ ನಿಂತಿದೆಯೋ ಆ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ತಾರೀಕು ಬರೆದೆವು. ದೊಡ್ಡದಾದ ಎರಡು ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದೆವು. ಬಿರುಕು ಸ್ವಲ್ಪ ಅಲುಗಿದರೂ ಗಾಜು ಒಡೆಯುತ್ತದೆ, ಅದಕ್ಕೆ ಎಂಜಿನಿಯರ್ ಬೇಡ, ಆ ಅಕ್ಕನೇ ನೋಡಿ ಹೇಳಬಹುದು.

ಆಮೇಲೆ ಬಾವಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕು. ಹಗ್ಗಕ್ಕೆ ಭಾರ ಕಟ್ಟಿ ಕಟ್ಟೆಯಿಂದ ನೀರಿಗೆ ಎಷ್ಟು, ತಳಕ್ಕೆ ಎಷ್ಟು ಅಂತ ಅಳೆದು ಬರೆಯಬೇಕು. ನಮ್ಮಲ್ಲಿ ಮೇಲೆ ಮುರಕಲ್ಲು ಅಂದರೆ ಕೆಂಪುಕಲ್ಲು, ಅದರ ಕೆಳಗೆ ಶೇಡಿ ಅನ್ನುವ ಮೆತ್ತನೆಯ ಮಣ್ಣು, ಅದರ ಕೆಳಗೆ ಬಂಡೆ. ಏಪ್ರಿಲ್ ಮೇಯಲ್ಲಿ ಬಾವಿ ಹೇಗೂ ಇಳಿಯುತ್ತದೆ. ಬ್ಲಾಸ್ಟಿಂಗ್ ಮಾರ್ಚ್‌ನಲ್ಲಿ ಶುರು ಮಾಡಿ, ಮೇಯಲ್ಲಿ ಬಾವಿ ಬತ್ತಿದರೆ ಊರಿನವರು ಯಾರನ್ನು ಕೇಳಬೇಕು? ನಿಮ್ಮನ್ನೇ. ಹಿಂದಿನ ವರ್ಷದ ಅಳತೆ ಇದ್ದರೆ ಮಾತಾಡಬಹುದು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ನಿಮ್ಮ ಕೋರೆಯ ಗುಂಡಿ ಆ ಬಾವಿಯ ತಳಕ್ಕಿಂತ ಕೆಳಗೆ ಹೋಗಿ ನೀವು ದಿನಾ ಪಂಪ್ ಇಟ್ಟು ನೀರು ಹೊರಗೆ ಹಾಕುತ್ತಿದ್ದರೆ, ಆ ನೀರು ನಿಜವಾಗಿಯೂ ಅವರದ್ದಾಗಿರಬಹುದು. ಆಗ ಕಂಪನದ ರೀಡಿಂಗ್ ಹಿಡಿದು ವಾದ ಮಾಡುವುದು ಬೇಡ, ಬೋರ್‌ವೆಲ್ಲೋ ಪೈಪ್‌ಲೈನೋ ಕೊಡಿ.

ಸರ್ವೆ ಯಾವಾಗ ಮಾಡಬೇಕು ಅಂತ ಒಬ್ಬರು ಕೇಳಿದರು. ನಾಲ್ಕು ತಿಂಗಳು ಮಳೆ ಕುಡಿದ ಮಣ್ಣಿನ ಗೋಡೆ ಬೇಸಿಗೆಯಲ್ಲಿ ಒಣಗುವಾಗ ತಾನಾಗಿಯೇ ಬಿರಿಯುತ್ತದೆ. ಮಳೆಗಾಲ ಮುಗಿದ ಕೂಡಲೇ ನೋಡಿದ ಗೋಡೆ ಬೇರೆ, ಏಪ್ರಿಲ್‌ನಲ್ಲಿ ನೋಡಿದ್ದು ಬೇರೆ. ಹಾಗಾಗಿ ಎರಡು ಸಲ ಮಾಡಿ, ಅಕ್ಟೋಬರ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ. ವರದಿಯ ಒಂದು ಪ್ರತಿ ಮನೆಯವರಿಗೆ ಕೊಡಲೇಬೇಕು, ಸಹಿ ಹಾಕಿಸಿಕೊಂಡು. ಕೊಡದೆ ನಿಮ್ಮ ಆಫೀಸಿನ ಕಪಾಟಿನಲ್ಲಿ ಇಟ್ಟರೆ ಅದು ಸರ್ವೆ ಅಲ್ಲ. ಫೋನಿನಲ್ಲಿ ತೆಗೆದ ಫೋಟೋ, ವಿಡಿಯೋ ಕೋರ್ಟಿಗೆ ಹೋಗಬೇಕಾದರೆ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ಹಾಗಾಗಿ ಯಾರ ಫೋನು, ಯಾರು ತೆಗೆದರು ಅಂತ ಅವತ್ತೇ ಬರೆದಿಡಿ. ಮೂಲ ಫೈಲನ್ನು ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಮಾತ್ರ ಉಳಿಸಿಕೊಂಡು ಮೂಲ ಕಳೆದುಕೊಂಡವರು ಇದ್ದಾರೆ.

ಈಗ ಕಂಪನದ ಲೆಕ್ಕ. ಡಿ.ಜಿ.ಎಂ.ಎಸ್. 1997ರಲ್ಲಿ ಹೊರಡಿಸಿದ 7ನೇ ಸುತ್ತೋಲೆಯೇ ಇವತ್ತಿಗೂ ನಮಗೆ ಆಧಾರ. ನೆಲ ಅಲುಗುವ ವೇಗಕ್ಕೆ ಅದರಲ್ಲಿ ಮಿತಿ ಇದೆ. ಬೇರೆಯವರ ಮನೆ ಆದರೆ, ಕಂಪನದ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಅನ್ನುವುದು, 8 ಹರ್ಟ್ಸ್‌ಗಿಂತ ಕಡಿಮೆ ಇದ್ದಾಗ ಸೆಕೆಂಡಿಗೆ 5 ಮಿಲಿಮೀಟರ್, 8ರಿಂದ 25ರೊಳಗೆ 10, ಅದಕ್ಕಿಂತ ಮೇಲಾದರೆ 15. ಪುರಾತನ ಕಟ್ಟಡ, ಸೂಕ್ಷ್ಮ ಕಟ್ಟಡಕ್ಕೆ ಇದೇ ಕ್ರಮದಲ್ಲಿ 2, 5, 10. ನಿಧಾನವಾಗಿ ತೂಗುವ ಕಂಪನ ಕಟ್ಟಡಕ್ಕೆ ಜಾಸ್ತಿ ಕೆಟ್ಟದ್ದು, ಅದಕ್ಕೇ ಕಡಿಮೆ ಮಿತಿ. ಕಾರ್ಕಳದಲ್ಲಿ ಕೆಲಸ ಮಾಡುವವರು ಆ ಎರಡನೇ ಸಾಲನ್ನು ಗೋಡೆಗೆ ಅಂಟಿಸಿಕೊಳ್ಳಿ. 1432ರಲ್ಲಿ ನಿಲ್ಲಿಸಿದ ಗೊಮ್ಮಟ ಅಲ್ಲಿದ್ದಾನೆ, ನಲವತ್ತೆರಡು ಅಡಿ, ಒಂದೇ ಕಲ್ಲು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅಲ್ಲಿಂದ ಮುಂದೆ 200 ಮೀಟರ್ ಅನುಮತಿ ಬೇಕು ಅಂತ ಕಾನೂನೇ ಇದೆ. ಕಾನೂನು ಹೇಳಿದ ದೂರಕ್ಕಿಂತ ಆಚೆ ಇದ್ದರೂ ಅವನ ಹತ್ತಿರ ಕಂಪನ ಅಳೆಯುವ ಮೀಟರ್ ಇಟ್ಟು ಅಳೆಯಿರಿ ಅನ್ನುವುದು ನನ್ನ ಬೇಡಿಕೆ. ಆರು ನೂರು ವರ್ಷ ನಿಂತದ್ದಕ್ಕೆ ನಮ್ಮ ಜಲ್ಲಿಯಿಂದ ಏನೂ ಆಗಬಾರದು.

ಮದ್ದು ಎಷ್ಟು ಇಡಬಹುದು ಅನ್ನುವುದಕ್ಕೆ ಒಂದು ಸುಲಭದ ಅಂದಾಜಿದೆ. ಕುಳಿಗಳನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಸಿಡಿಸುತ್ತೇವೆ, ಹಾಗೆ ಒಂದೇ ಹೊತ್ತಿಗೆ ಸಿಡಿಯುವ ಒಂದು ಸರದಿಗೆ ಒಂದು ಡಿಲೇ ಅನ್ನುತ್ತೇವೆ. ದೂರವನ್ನು ಒಂದು ಡಿಲೇಗೆ ಹೋಗುವ ಮದ್ದಿನ ವರ್ಗಮೂಲದಿಂದ ಭಾಗಿಸುವುದು. ಮನೆ 200 ಮೀಟರ್ ದೂರ, ಒಂದು ಡಿಲೇಗೆ 16 ಕಿಲೋ. 16ರ ವರ್ಗಮೂಲ 4, 200 ಭಾಗಿಸು 4, ಐವತ್ತು. ಈಗ ಕೋರೆ ಆ ಕಡೆಗೆ ಬೆಳೆಯಿತು, ಅಥವಾ ಮಧ್ಯದಲ್ಲಿ ಯಾರೋ ಹೊಸ ಮನೆ ಕಟ್ಟಿದರು, ದೂರ 100 ಮೀಟರ್ ಆಯಿತು ಅಂತಿಟ್ಟುಕೊಳ್ಳಿ. ಅದೇ ಐವತ್ತು ಉಳಿಯಬೇಕಾದರೆ ವರ್ಗಮೂಲ 2 ಆಗಬೇಕು, ಅಂದರೆ 4 ಕಿಲೋ. ದೂರ ಅರ್ಧ ಆದರೆ ಮದ್ದು ಅರ್ಧ ಅಲ್ಲ, ಕಾಲು ಭಾಗ. ಇದನ್ನು ಮರೆತು ಹಳೇ ಲೆಕ್ಕದಲ್ಲೇ ತುಂಬುತ್ತಾ ಹೋಗುವ ಕೋರೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. "ಹತ್ತು ವರ್ಷದಿಂದ ಇಷ್ಟೇ ಇಡುವುದು, ಏನೂ ಆಗಿಲ್ಲ" ಅನ್ನುತ್ತಾರೆ. ಹತ್ತು ವರ್ಷದಲ್ಲಿ ಕೋರೆ ಎಷ್ಟು ಮುಂದೆ ನಡೆದಿದೆ ಅಂತ ಯಾರೂ ಅಳೆದಿಲ್ಲ. ಇನ್ನೊಂದು, 8 ಮಿಲಿಸೆಕೆಂಡ್ ಒಳಗೆ ಸಿಡಿಯುವ ಎಲ್ಲಾ ಕುಳಿಗಳನ್ನೂ ಒಂದೇ ಅಂತ ಲೆಕ್ಕ ಹಿಡಿಯಬೇಕು. ಈ ಅಂದಾಜು ಕೆಲಸ ಶುರು ಮಾಡಲು ಮಾತ್ರ. ಬಂಡೆಯಿಂದ ಬಂಡೆಗೆ ವ್ಯತ್ಯಾಸ ಇದೆ, ನಿಮ್ಮ ಜಾಗದಲ್ಲಿ ಮೀಟರ್ ಇಟ್ಟು ಹತ್ತಿಪ್ಪತ್ತು ಬ್ಲಾಸ್ಟ್ ಅಳೆದರೆ ನಿಮ್ಮದೇ ಲೆಕ್ಕ ಸಿಗುತ್ತದೆ, ಕೋರ್ಟಿನಲ್ಲಿ ನಿಲ್ಲುವುದು ಅದು.

ಮನುಷ್ಯನ ಮೈ ಬಹಳ ಸೂಕ್ಷ್ಮ. ಸೆಕೆಂಡಿಗೆ ಒಂದು ಮಿಲಿಮೀಟರ್ ಆಸುಪಾಸಿನಲ್ಲೇ ಕೂತವರಿಗೆ ನೆಲ ನಡುಗಿದ್ದು ಗೊತ್ತಾಗುತ್ತದೆ. ಗಾಳಿಯ ಒತ್ತಡಕ್ಕೆ ಕಿಟಕಿ, ಪಾತ್ರೆ ಗಲಗಲ ಅನ್ನುತ್ತವೆ. ಗೋಡೆಗೆ ಏನೂ ಆಗಿರುವುದಿಲ್ಲ, ಆದರೆ ತೊಟ್ಟಿಲಲ್ಲಿ ಮಗು ಬೆಚ್ಚಿಬಿದ್ದಿರುತ್ತದೆ, ಹಾಸಿಗೆ ಹಿಡಿದ ಅಜ್ಜನ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಅವತ್ತೇ ಮನೆಯವರು ಗೋಡೆ ಹುಡುಕುವುದು, ಹಳೇ ಬಿರುಕು ಕಣ್ಣಿಗೆ ಬೀಳುವುದು. ಅವರು ಸುಳ್ಳು ಹೇಳುತ್ತಿಲ್ಲ, ಅದನ್ನು ಅವರು ನಿಜವಾಗಿಯೂ ಅವತ್ತೇ ಮೊದಲು ನೋಡಿದ್ದು. ಹಾಗಾಗಿ ಹೇಳಿ ಮಾಡಿ. ದಿನಾ ಒಂದೇ ಹೊತ್ತು ಇಟ್ಟುಕೊಳ್ಳಿ. ಮನೆಮನೆಗೆ ಫೋನ್ ಮೆಸೇಜ್ ಹೋಗಲಿ, ಸೈರನ್ ಕೇಳಲಿ. ಹತ್ತಿರದಲ್ಲಿ ದೈವದ ನೇಮ, ಮದುವೆ, ಸಾವು ಏನಾದರೂ ಇದ್ದರೆ ಅವತ್ತು ಬೇಡ. ಇದಕ್ಕೆ ಖರ್ಚು ಏನೂ ಇಲ್ಲ.

ಕಲ್ಲು ಹಾರುವುದು ಬೇರೆಯೇ ವಿಷಯ. ಕಂಪನದಿಂದ ಕೇಸಾಗುತ್ತದೆ, ಹಾರುವ ಕಲ್ಲಿನಿಂದ ಜೀವ ಹೋಗುತ್ತದೆ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ತೆಂಗಿನಕಾಯಿ ಗಾತ್ರದ ಕಲ್ಲೊಂದು ಹಂಚು ಒಡೆದುಕೊಂಡು ಚಾವಡಿಗೆ ಬಿತ್ತು. ಅಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದ ಅಮ್ಮ ಗಂಜಿ ಇಳಿಸಲು ಒಳಗೆ ಹೋಗಿದ್ದರು. ನಾನು ಓಡಿ ಹೋದಾಗ ತಡ್ಪೆ, ಅಂದರೆ ಬೀಡಿಯ ಮೊರ, ಎರಡು ತುಂಡಾಗಿತ್ತು, ಎಲೆಯೂ ಹೊಗೆಸೊಪ್ಪೂ ಹಂಚಿನ ಚೂರಿನ ಜೊತೆ ಹರಡಿತ್ತು. ಅವರು ಬಾಗಿಲಲ್ಲಿ ನಿಂತು ನನ್ನನ್ನು ಬೈಯಲೂ ಇಲ್ಲ. ಆಮೇಲೆ ಹೋಗಿ ಆ ಕುಳಿ ನೋಡಿದರೆ, ಮೇಲೆ ಮುಚ್ಚಿದ್ದು ಬರೀ ಡ್ರಿಲ್ಲಿಂಗ್‌ನ ಪುಡಿ, ಅದೂ ಎರಡು ಗೇಣು. ಅವಸರದಲ್ಲಿ ಮುಚ್ಚಿದ್ದರು. ಅವಸರ ಮಾಡಿದ್ದು ನಾನೇ, ಲೋಡಿಂಗ್‌ಗೆ ಟಿಪ್ಪರ್ ಸಾಲು ನಿಂತಿತ್ತು. ಒಂದು ಕುಳಿಯಿಂದ ಮುಂಭಾಗದ ಬಂಡೆಯ ಅಂಚಿಗೆ ಎಷ್ಟು ದೂರ ಇದೆಯೋ ಹೆಚ್ಚು ಕಮ್ಮಿ ಅಷ್ಟು ಉದ್ದ ಮೇಲಿನ ಮುಚ್ಚು ಇರಬೇಕು, ಪುಡಿ ಅಲ್ಲ, ಸಣ್ಣ ಚಿಪ್ಸ್ ಕಲ್ಲು. ಅದು ಒಂದಕ್ಕೊಂದು ಕಚ್ಚಿ ನಿಲ್ಲುತ್ತದೆ. ಬಂಡೆಯಲ್ಲಿ ಮಣ್ಣಿನ ಪದರ ಇದ್ದರೆ ಡ್ರಿಲ್ಲರ್‌ಗೆ ಗೊತ್ತಾಗುತ್ತದೆ, ಕೈಗೆ ಮೆತ್ತಗೆ ಸಿಗುತ್ತದೆ. ಅವನು ಹೇಳಿದ್ದನ್ನು ಬರೆದುಕೊಳ್ಳಿ, ಆ ಜಾಗದಲ್ಲಿ ಮದ್ದು ಇಡಬೇಡಿ. ಇದು ಊರೊಳಗಿನ ಕೆಲಸ ಆದರೆ ಮೇಲೆ ಬಲೆ, ಹಳೇ ಕನ್ವೇಯರ್ ಬೆಲ್ಟ್, ಮರಳಿನ ಚೀಲ ಹೊದಿಸದೆ ಒಂದು ಕುಳಿಯನ್ನೂ ಹಾರಿಸಬೇಡಿ.

ಗುಡುಗು. ನಮ್ಮ ಕರಾವಳಿಯಲ್ಲಿ ಏಪ್ರಿಲ್ ಮೇ, ಮತ್ತೆ ಅಕ್ಟೋಬರ್, ಮಧ್ಯಾಹ್ನ ಮೂರರ ಮೇಲೆ ಘಟ್ಟದ ಕಡೆಯಿಂದ ಮೋಡ ಏಳುತ್ತದೆ. ಒಂದು ದಿನ ಮೂರೂವರೆಗೆ ಇಪ್ಪತ್ತೆಂಟು ಕುಳಿಯಲ್ಲಿ ಹತ್ತೊಂಬತ್ತು ತುಂಬಿ ಆಗಿದೆ, ಗುಡುಗು ಕೇಳಿತು. ಬೇಗ ಮುಗಿಸಿ ಹಾರಿಸಿಬಿಡುವ ಸರ್ ಅಂದ ಬ್ಲಾಸ್ಟರ್. ಬೇಡ ಅಂದೆ. ಎಲ್ಲರನ್ನೂ ಕೆಳಗೆ ಇಳಿಸಿದೆವು. ನಾಲ್ಕು ದಾರಿಗೂ ಕೆಂಪು ಬಾವುಟ ಕೊಟ್ಟು ಒಬ್ಬೊಬ್ಬರನ್ನು ನಿಲ್ಲಿಸಿದೆವು. ಮಳೆ ಹೊಡೆಯಿತು, ಒಂದೂವರೆ ಗಂಟೆ. ಶಾಲೆಯ ಬಸ್ಸು ನಿಂತಿತು, ಮಕ್ಕಳ ತಂದೆತಾಯಿ ಬಂದು ಜಗಳ ಮಾಡಿದರು, ಸರಿಯಾಗಿಯೇ ಬೈದರು. ಗುಡುಗು ಪೂರ್ತಿ ನಿಂತ ಮೇಲೆ ಬೆಳಕು ಇರುವಾಗಲೇ ತುಂಬಿದ್ದಷ್ಟನ್ನು ಹಾರಿಸಿದೆವು. ಅವತ್ತು ರಿಜಿಸ್ಟರ್‌ನಲ್ಲಿ ಗುಡುಗು ಕೇಳಿದ ಹೊತ್ತು, ಜನರನ್ನು ಇಳಿಸಿದ ಹೊತ್ತು, ಯಾವ ದಾರಿಯಲ್ಲಿ ಯಾರು ನಿಂತಿದ್ದರು, ಎಲ್ಲಾ ಬರೆದೆ. ಬಸ್ಸು ತಡೆದದ್ದಕ್ಕೆ ದೂರು ಹೋದಾಗ ಆ ಒಂದು ಪುಟ ತೋರಿಸಿದೆ, ಅಲ್ಲಿಗೇ ಮುಗಿಯಿತು. ಕರೆಂಟಿನ ಡಿಟೋನೇಟರ್‌ಗಳನ್ನು 2025ರ ಏಪ್ರಿಲ್ 1ರಿಂದ ನಿಷೇಧಿಸಿದ್ದಾರೆ, ಆದರೆ ಕರೆಂಟಿಲ್ಲದೆ ಸಿಡಿಸುವ ಶಾಕ್ ಟ್ಯೂಬ್ ಇದ್ದರೆ ಸಿಡಿಲಿಗೆ ಹೆದರಬೇಕಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೇರ ಸಿಡಿಲಿಗೆ ಯಾವುದೂ ನಿಲ್ಲುವುದಿಲ್ಲ.

ರಿಜಿಸ್ಟರ್ ಬಗ್ಗೆ ಒಂದು ಮಾತು. ವಾರದ ಕೊನೆಗೆ ಕೂತು ಒಂದೇ ಪೆನ್ನಿನಲ್ಲಿ ಏಳು ದಿನದ್ದು ಬರೆಯುವ ಅಭ್ಯಾಸ ಬಿಡಿ. ಅದನ್ನು ನೋಡಿದ ಯಾವ ಇನ್‌ಸ್ಪೆಕ್ಟರ್‌ಗೂ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಮಿಸ್‌ಫೈರ್ ಆದರೆ, ಅಂದರೆ ಕುಳಿಯ ಮದ್ದು ಸಿಡಿಯದೆ ಉಳಿದರೆ, ಆಯಿತು ಅಂತ ಬರೆಯಿರಿ, ಎಷ್ಟು ಹೊತ್ತು ಕಾದಿರಿ, ಹೊಸ ಕುಳಿಯನ್ನು ಹಳೆಯದರಿಂದ ಎಷ್ಟು ದೂರದಲ್ಲಿ ಕೊರೆದಿರಿ ಅಂತ ಬರೆಯಿರಿ. 30 ಸೆಂಟಿಮೀಟರ್‌ಗಿಂತ ಹತ್ತಿರ ಕೊರೆಯುವಂತಿಲ್ಲ. ಒಂದೂ ಮಿಸ್‌ಫೈರ್ ಇಲ್ಲದ ಐದು ವರ್ಷದ ರಿಜಿಸ್ಟರ್ ತಂದರೆ ಅದರ ಉಳಿದ ಪುಟಗಳನ್ನೂ ಯಾರೂ ನಂಬುವುದಿಲ್ಲ.

"ನಾವು ಬ್ಲಾಸ್ಟಿಂಗ್ ಕಾಂಟ್ರಾಕ್ಟ್ ಕೊಟ್ಟಿದ್ದೇವೆ, ಹೊಣೆ ಅವರದ್ದು ಅಂತ ಅಗ್ರಿಮೆಂಟಿನಲ್ಲಿ ಇದೆ, ಸಾಲದಾ?" ಅಂತ ಒಬ್ಬ ಬಿಲ್ಡರ್ ಕೇಳಿದರು. ಸಾಲದು. ಆ ಅಗ್ರಿಮೆಂಟು ನಿಮ್ಮಿಬ್ಬರ ಮಧ್ಯೆ. ಪಕ್ಕದ ಮನೆಯವರು ಅದಕ್ಕೆ ಸಹಿ ಹಾಕಿಲ್ಲ. ಅವರು ನಿಮ್ಮನ್ನೇ ಹಿಡಿಯುತ್ತಾರೆ, ನೀವು ಕೊಟ್ಟು ಆಮೇಲೆ ಕಾಂಟ್ರಾಕ್ಟರ್ ಹತ್ತಿರ ವಸೂಲಿಗೆ ಓಡಾಡಬೇಕು, ಅವನ ಹತ್ತಿರ ಕಂಪ್ರೆಸರ್ ಒಂದು ಬಿಟ್ಟರೆ ಏನಿದೆ? ಗಣಿಯ ಕಾನೂನಿನಲ್ಲೂ ಮಾಲೀಕ, ಏಜೆಂಟ್, ಮ್ಯಾನೇಜರ್ ಮೂವರಿಗೂ ಹೊಣೆ ಇದೆ. ಅವನ ಶಾಟ್ ಫೈರರ್ ಪರ್ಮಿಟ್, ಅಂದರೆ ಮದ್ದು ಹಾರಿಸುವವನ ಅನುಮತಿ ಪತ್ರ, ಯಾರ ಹೆಸರಿನಲ್ಲಿದೆ, ಬರುವ ಮನುಷ್ಯ ಅವನೇನಾ ಅಂತ ನೋಡುವುದು ನಿಮ್ಮ ಕೆಲಸ. ಇನ್ಶೂರೆನ್ಸ್ ಪಾಲಿಸಿ ತೆಗೆದು ಕಂಪನ ಅನ್ನುವ ಪದ ಎಲ್ಲಿದೆ ಅಂತ ಹುಡುಕಿ. ಕಟ್ಟಡದ ಪಾಲಿಸಿಗಳಲ್ಲಿ ಬೇರೆಯವರ ಕಟ್ಟಡಕ್ಕೆ ಕಂಪನದಿಂದ ಆದ ಹಾನಿ ಬೇಕಾದರೆ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾಗುತ್ತದೆ.

ಮದ್ದು ಇಡುವ ಜಾಗದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದು ಜನ ಸತ್ತರು. ಒಂದು ತಿಂಗಳು ಕಳೆದು ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಬಚ್ಚಿಟ್ಟ ಜಿಲೆಟಿನ್ ಕಡ್ಡಿಗಳನ್ನು ಸಾಗಿಸಿ ಹಾಳು ಮಾಡಲು ಹೋಗಿ ಆರು ಜನ ಸತ್ತರು. ಉಳಿದ ಮದ್ದನ್ನು ಶೆಡ್ಡಿನಲ್ಲಿ, ಟ್ರಾಕ್ಟರ್ ಸೀಟಿನ ಕೆಳಗೆ ಇಡುವವರು ಈ ಎರಡು ಊರಿನ ಹೆಸರು ನೆನಪಿಟ್ಟುಕೊಳ್ಳಿ. ಉಳಿದದ್ದು ಲೈಸೆನ್ಸ್ ಇರುವ ಮ್ಯಾಗಜೀನ್‌ಗೆ, ಅಂದರೆ ಮದ್ದಿನ ಗೋದಾಮಿಗೆ, ಅವತ್ತೇ ವಾಪಸ್, ಲೆಕ್ಕದಲ್ಲಿ ಒಂದು ಡಿಟೋನೇಟರ್ ಕಮ್ಮಿ ಆದರೂ ಅವತ್ತೇ ಪೊಲೀಸರಿಗೆ.

ಮಂಗಳೂರಿನೊಳಗೆ ಅಪಾರ್ಟ್‌ಮೆಂಟಿನ ಫೌಂಡೇಶನ್‌ಗೆ ಬಂಡೆ ಅಡ್ಡ ಬಂದಿದೆ ಅಂತ ನನಗೆ ಫೋನ್ ಬರುತ್ತಿರುತ್ತದೆ. ಹತ್ತರಲ್ಲಿ ಆರು ಸಲ ಮದ್ದು ಬೇಡ ಅಂತಲೇ ಹೇಳುತ್ತೇನೆ. ಹಿಟಾಚಿಗೆ ಬ್ರೇಕರ್ ಹಾಕಿ, ಇಲ್ಲ ಕುಳಿ ಕೊರೆದು ಉಬ್ಬುವ ಪೌಡರ್ ಕಲಸಿ ತುಂಬಿ, ಒಂದು ರಾತ್ರಿಯಲ್ಲಿ ಬಂಡೆ ಸದ್ದಿಲ್ಲದೆ ಸೀಳುತ್ತದೆ. ನಿಧಾನ, ದುಡ್ಡೂ ಜಾಸ್ತಿ. ಆದರೆ ಮೂರೂ ಕಡೆ ಮನೆ ಇರುವಲ್ಲಿ ಒಂದು ಕೇಸಿನ ಖರ್ಚು ಹಾಕಿ ನೋಡಿದರೆ ಅದೇ ಅಗ್ಗ.

ಕೊನೆಗೆ ಒಬ್ಬ ಹುಡುಗ ಎದ್ದು ಕೇಳಿದ, ಉಡುಪಿ ಕಡೆಯವನು, ಅಪ್ಪನ ಕೋರೆ ಈಗ ನೋಡಿಕೊಳ್ಳುತ್ತಿದ್ದಾನೆ. "ನಮ್ಮದು ಹದಿನೈದು ವರ್ಷದಿಂದ ನಡೆಯುತ್ತಿದೆ. ಸರ್ವೆ ಮಾಡಿಲ್ಲ, ಮೀಟರ್ ಇಟ್ಟಿಲ್ಲ. ಈಗ ಹೋಗಿ ಫೋಟೋ ತೆಗೆದರೆ ನಾವೇ ತಪ್ಪು ಒಪ್ಪಿಕೊಂಡ ಹಾಗೆ ಆಗುವುದಿಲ್ಲವಾ ಸರ್?"

ಆಗುವುದಿಲ್ಲ. ಇವತ್ತಿನ ತಾರೀಕು ಹಾಕಿ ತೆಗೆದ ಫೋಟೋ ಇವತ್ತು ಗೋಡೆ ಹೇಗಿದೆ ಅಂತ ಮಾತ್ರ ಹೇಳುತ್ತದೆ. ನಾಳೆ ಬ್ಲಾಸ್ಟಿಂಗ್ ನಿಲ್ಲಿಸಿ, ಒಂದು ವಾರ. ನೀನೇ ಹೋಗು, ಮ್ಯಾನೇಜರ್‌ನನ್ನು ಕಳಿಸಬೇಡ. ಯಾರಾದರೂ ಈ ಬಿರುಕು ನಿಮ್ಮಿಂದಲೇ ಆದದ್ದು ಅಂದರೆ ಅಲ್ಲ ಅಂತ ವಾದ ಮಾಡಬೇಡ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೋ, ಒಂದು ಪ್ರತಿ ಅವರಿಗೂ ಕೊಡು. ನಿಜವಾಗಿ ಹೊಸ ಬಿರುಕು ಅಂತ ನಿನಗೇ ಕಂಡರೆ ಮೇಸ್ತ್ರಿಯನ್ನು ಕರೆಸಿ ಮಳೆಗೆ ಮುಂಚೆ ರಿಪೇರಿ ಮಾಡಿಸಿಕೊಡು. ಆಮೇಲೆ ಅತಿ ಹತ್ತಿರದ ಮನೆಯ ಅಂಗಳದಲ್ಲಿ ಬಾಡಿಗೆಗೆ ತಂದಾದರೂ ಒಂದು ಮೀಟರ್ ಇಡು. ಮೊದಲ ಬ್ಲಾಸ್ಟ್ ಆದ ಕೂಡಲೇ ಆ ಮನೆಯವರನ್ನು ಕರೆದು ಅದರಲ್ಲಿ ಬಂದ ಅಂಕಿ ಅವರಿಂದಲೇ ಓದಿಸು.